ಓದಿದೆ ಎಂದು ಒಂದು ಮಾತು ಹೇಳಿ

ಹಳೆಯ ಡೈರಿಯಲ್ಲಿ ಉಳಿದ ಹಾಳೆಗಳಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿಟ್ಟವರು ನಮ್ಮ ಸಂಘದಲ್ಲೇ ಎಷ್ಟೋ ಮಂದಿ ಇದ್ದಾರೆ. ಕೇಳಿದರೆ, "ಅಯ್ಯೋ, ಅದೇನು ಮಹಾ! ನನ್ನ ಸಮಾಧಾನಕ್ಕೆ ಬರೆದದ್ದು" ಎನ್ನುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಬರೆಯುವುದು ನಮ್ಮ ಸಮಾಧಾನಕ್ಕೇ ಇರಬಹುದು. ಆದರೆ ಅದನ್ನು ಇನ್ನೊಬ್ಬರು ಓದಿದರು ಎಂದು ತಿಳಿದಾಗ ಆಗುವ ಸಂತೋಷವೇ ಬೇರೆ.

ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಸುಮಾರು 1800 ಕವಿತೆಗಳನ್ನು ಬರೆದಳು. 1886ರಲ್ಲಿ ಆಕೆ ತೀರಿಕೊಳ್ಳುವವರೆಗೆ ಅಚ್ಚಾದವು ಬೆರಳೆಣಿಕೆಯಷ್ಟು. ಮನೆ ಬಿಟ್ಟು ಹೊರಗೆ ಬರುವುದನ್ನೇ ಕಡಿಮೆ ಮಾಡಿದ್ದ ಈಕೆಯೂ 1862ರಲ್ಲಿ ಹಿಗಿನ್ಸನ್ ಎಂಬ ಲೇಖಕನಿಗೆ ನಾಲ್ಕು ಕವಿತೆ ಕಳಿಸಿ, ಇವಕ್ಕೆ ಜೀವವಿದೆಯೇ ಎಂದು ಕೇಳಿದಳು. ಅತ್ತಿಗೆ ಸೂಸನ್‌ಗೆ ಇನ್ನೂರಕ್ಕೂ ಹೆಚ್ಚು ಕವಿತೆಗಳನ್ನು ಕಳಿಸಿದಳು. ಹೆಸರಿಗಾಗಿ ಹಂಬಲಿಸದವಳಿಗೂ ಓದುವ ಒಂದು ಜೀವ ಬೇಕಿತ್ತು.

ನಮ್ಮ ಕನ್ನಡದಲ್ಲಂತೂ ಓದುಗರನ್ನು ಹುಡುಕಿಕೊಂಡು ಹೋದವರೇ ಇದ್ದಾರೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಂಜನಗೂಡು ತಿರುಮಲಾಂಬಾ ಅವರು ಬಾಲವಿಧವೆ. ಹೆಣ್ಣುಮಕ್ಕಳು ಓದಲಿ ಎಂದು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭಿಸಿದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಆಮೇಲೆ ನಮ್ಮ ಹಾಗೆಯೇ ಹೊರನಾಡಿಗೆ, ಮದರಾಸಿಗೆ ಹೋಗಿ ನೆಲೆಸಿದರು. ಕನ್ನಡ ನಾಡು ಅವರನ್ನು ಮರೆತೇಬಿಟ್ಟಿತು. ಲೇಖಕಿ ಚಿ.ನ. ಮಂಗಳಾ ಅವರು ಹುಡುಕಿಕೊಂಡು ಹೋದಾಗ ಅವರು ಹಣ್ಣು ಹಣ್ಣು ಮುದುಕಿ. 1982ರಲ್ಲಿ ತೀರಿಕೊಂಡರು. ಅಷ್ಟು ವರ್ಷಗಳ ಮೇಲೆ, "ನಿಮ್ಮನ್ನು ಓದಿದವಳು ನಾನು" ಎಂದು ಒಬ್ಬಾಕೆ ಬಾಗಿಲಿಗೆ ಬಂದರೆ ಆ ಹಿರಿಯ ಜೀವಕ್ಕೆ ಏನನ್ನಿಸಿರಬೇಕು, ನೀವೇ ಯೋಚಿಸಿ.

ಅವರೆಲ್ಲಿ, ನಾನೆಲ್ಲಿ! ಆದರೂ ಇಂಥ ಸಂತೋಷದ ಒಂದು ಗುಟುಕು ನನಗೂ ಸಿಕ್ಕಿದೆ. ಹಿಂದೊಮ್ಮೆ ಇದೇ ಪತ್ರಿಕೆಯಲ್ಲಿ ನಮ್ಮಜ್ಜಿ ಸಂಡಿಗೆ ಇಡುತ್ತಿದ್ದ ದಿನಗಳ ಬಗ್ಗೆ ಬರೆದಿದ್ದೆ. ನಮ್ಮ ಯಜಮಾನರು "ಚೆನ್ನಾಗಿದೆ" ಅಂದರು. ಅವರು ಉಪ್ಪಿಟ್ಟಿಗೂ ಹೇಳುವ ಮಾತು ಅದೇ. ಮಿಕ್ಕವರು ಯಾರೂ ಏನೂ ಅನ್ನಲಿಲ್ಲ. ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ಪರಿಚಯವಿಲ್ಲದ ಹಿರಿಯರೊಬ್ಬರು ಕೇಳಿದರು: "ಸಂಡಿಗೆ ಕಾಯೋಕೆ ಕೂತಿದ್ದ ಹುಡುಗಿ ನೀವೇ ಏನಮ್ಮಾ? ನಮ್ಮ ಮನೆಯವಳಿಗೆ ಕಣ್ಣು ಕಾಣೋಲ್ಲ. ಎರಡು ಸಲ ಓದಿ ಹೇಳಿದೆ. ಅವರ ಮನೇಲಿ ಕಾಗೆ ಬರದೇ ಇರಲಿ ಅಂತ ಕರೀ ಕೊಡೆ ಬಿಡಿಸಿ ಇಡ್ತಿದ್ದರಂತೆ, ಅದನ್ನೂ ಬರೀಬೇಕಂತೆ." ನಮ್ಮಜ್ಜಿಯ ಮಹಡಿ ಮೇಲೆ ಇನ್ನೊಂದು ಮನೆಯ ಕೊಡೆಯೂ ಬಂದು ಕೂತಿತು! ಓದುಗರು ಅಂದರೆ ಇದೇ ಅಲ್ಲವೇ? ನಾವು ಕೊಟ್ಟದ್ದಕ್ಕೆ ತಮ್ಮದೂ ಒಂದಿಷ್ಟು ಸೇರಿಸಿ ಹಿಂದಿರುಗಿಸುವವರು.

ಈಗ ನಮ್ಮೆಲ್ಲರ ಆತಂಕವನ್ನೂ ಹೇಳಿಬಿಡುತ್ತೇನೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಓದಲು ಬಾರದು. ನಮ್ಮ ತಲೆಮಾರು ಮುಗಿದ ಮೇಲೆ ಈ ಪುಟಗಳನ್ನು ಯಾರು ತೆರೆಯುತ್ತಾರೆ? ಅಕ್ಷರ ಕಲಿಸೋಣ, ಅದು ಆಗಲೇಬೇಕು. ಕಲಿಯುವ ತನಕ ಓದಿ ಹೇಳೋಣ. ಕಣ್ಣು ಕಾಣದ ಆ ತಾಯಿ ಕಿವಿಯಿಂದಲೇ ಓದಿದರಲ್ಲ! ರಾತ್ರಿ ಊಟವಾದ ಮೇಲೆ ಮೊಮ್ಮಗುವಿಗೆ ಒಂದು ಪುಟ ಓದಿ ಹೇಳಿದರೆ ನಮಗೆ ಒಬ್ಬ ಓದುಗ ಹೆಚ್ಚಿದ ಹಾಗೆ.

ಇನ್ನೊಂದು ಕೋರಿಕೆ. ಈ ಸಂಚಿಕೆಯಲ್ಲಿ ನಿಮಗೆ ಹಿಡಿಸಿದ ಬರಹ ಒಂದಾದರೂ ಇದ್ದರೆ, ಬರೆದವರಿಗೆ ಫೋನ್ ಮಾಡಿ, ಇಲ್ಲವೇ ಸಂಪಾದಕರಿಗೆ ಎರಡು ಸಾಲು ಬರೆಯಿರಿ. ಹಿಡಿಸದಿದ್ದರೆ ಅದನ್ನೂ ತಿಳಿಸಿ, ಬೇಸರವಿಲ್ಲ. ಹೊಗಳಿಕೆಗಿಂತ, "ಓದಿದೆ" ಎಂಬ ಒಂದು ಮಾತಿಗಾಗಿ ಕಾಯುವವರೇ ಹೆಚ್ಚು.