ಕೋಲಾಟದ ಸುತ್ತಿಗೆ ಹೊಸದಾಗಿ ಬರುವವರಿಗೆ ಕೆಲವು ರೀತಿ-ರಿವಾಜು

ಮಾನ್ಯ ಸದಸ್ಯ ಬಂಧು-ಭಗಿನಿಯರೆ,

ದಸರೆ ಮುಗಿದ ನಂತರದ ಮೊದಲ ರವಿವಾರದಿಂದ ನಮ್ಮ ಕೋಲಾಟದ ತಾಲೀಮು ಮತ್ತೆ ಆರಂಭವಾಗುತ್ತದೆ. ಒಂದು ರವಿವಾರ ಸೊಲ್ಲಾಪುರದಲ್ಲಿ, ಮರು ರವಿವಾರ ಅಕ್ಕಲಕೋಟೆಯಲ್ಲಿ. ನವೆಂಬರ್ 1ರ ರಾಜ್ಯೋತ್ಸವಕ್ಕೊಮ್ಮೆ, ಗೌರಿ ಹುಣ್ಣಿಮೆಗೊಮ್ಮೆ ಸುತ್ತು ಕಟ್ಟಬೇಕೆಂಬುದು ಎಂದಿನ ವಾಡಿಕೆ. ಈ ಸಲ ಹೊಸಬರಿಗೆಂದು ನಾಲ್ಕು ಮಾತು ಬರೆಯುತ್ತಿದ್ದೇವೆ. ಹಳಬರೂ ದಯವಿಟ್ಟು ಓದಬೇಕು. ನಿಜ ಹೇಳಬೇಕೆಂದರೆ, ಹಳಬರೇ ಮೊದಲು ಓದಬೇಕು.

ಕಾರಣವಿದೆ. ಹೋದ ವರ್ಷ ಮೊದಲ ದಿನವೇ ಒಬ್ಬ ಹುಡುಗಿ ಬಂದಿದ್ದಳು. ಮನೆಮಾತು ಕನ್ನಡ, ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ನವರಾತ್ರಿಯ ದಾಂಡಿಯಾ ಆಡಿ ರೂಢಿಯಿದ್ದುದರಿಂದ ಕೋಲು ಹಿಡಿಯುವ ಕೈ ಚೆನ್ನಾಗಿತ್ತು. ಆದರೆ ಹಾಡಿನ ಹಾಳೆ ಕೈಗೆ ಕೊಟ್ಟಾಗ ಅಕ್ಷರ ಬಾರದೆ ತುಟಿ ಅಲ್ಲಾಡಿಸುತ್ತ ನಿಂತಳು, ಹೆಜ್ಜೆಯೂ ತಪ್ಪಿತು. ಹಿರಿಯರೊಬ್ಬರು ಹಾಡು ನಿಲ್ಲಿಸಿ ಎಲ್ಲರೆದುರು ತಿದ್ದಿದರು. ಇಬ್ಬರು ನಕ್ಕರು. ನಾವೂ ಅಲ್ಲೇ ಇದ್ದೆವು, ಏನೂ ಅನ್ನಲಿಲ್ಲ. ಮರು ರವಿವಾರ ಆಕೆ ಬರಲಿಲ್ಲ, ಅವಳ ಜೊತೆಗೆ ಬಂದಿದ್ದ ಗೆಳತಿಯೂ ಬರಲಿಲ್ಲ. 16 ಜನರ ಸುತ್ತನ್ನು 12 ಜನರಿಂದ ಮುಗಿಸಿದೆವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದೇ ದಿನದ ಸಹಿ ಇದೆ. ಕಾರಕೂನಿಕೆ ಮಾಡಿ ನಿವೃತ್ತರಾದವರಿಗೆ ಅಂಥ ಖಾಲಿ ಸಾಲು ಕಣ್ಣಿಗೆ ಚುಚ್ಚುತ್ತದೆ.

ಇದೇ ಯೋಚನೆಯಲ್ಲಿದ್ದಾಗ ದೀಪಾವಳಿಗೆ ಪುಣೆಯಿಂದ ಬಂದಿದ್ದ ಸದಸ್ಯರ ಮಗನೊಬ್ಬ ತಾನು ಕಲಿಯುತ್ತಿರುವ ಟ್ಯಾಂಗೋ ಎಂಬ ಕುಣಿತದ ಸುದ್ದಿ ತೆಗೆದ. ಸಿನೆಮಾದಲ್ಲಿ ನೋಡಿದ್ದು ಬಿಟ್ಟರೆ ನಮಗೇನೂ ತಿಳಿದಿರಲಿಲ್ಲ. "ಕಾಕಾ, ಸಿನೆಮಾದಾಗಿಂದು ಬ್ಯಾರೆರಿ, ಅದು ಮಂದಿಗೆ ತೋರ್ಸಾಕ. ನಾವು ಕಲಿಯೂದು ನಮ್ಮ ಸಂತೋಷಕ್ಕ" ಅಂದ. ಕೇಳುತ್ತ ಹೋದಂತೆ ನಮ್ಮ ಕೋಲಾಟದ ಸಂಗತಿಯನ್ನೇ ಹೇಳುತ್ತಿದ್ದಾನೆ ಅನ್ನಿಸಿತು.

ಟ್ಯಾಂಗೋ ಹುಟ್ಟಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ದಕ್ಷಿಣ ಅಮೆರಿಕದ ರಿಯೊ ದೆ ಲಾ ಪ್ಲಾತಾ ನದಿಯ ಎರಡು ದಂಡೆಯ ಊರುಗಳಲ್ಲಿ. ಈ ಕಡೆ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಆ ಕಡೆ ಉರುಗ್ವೆಯ ಮಾಂಟೆವಿಡಿಯೊ. ಯುರೋಪಿನಿಂದ ಹೊಟ್ಟೆಪಾಡಿಗೆ ಬಂದವರು, ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು, ಊರಿನ ಬಡವರು ಸೇರಿ ಕಟ್ಟಿಕೊಂಡ ಕುಣಿತ ಅದು. 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಎರಡೂ ದೇಶಗಳ ಹೆಸರಿನಲ್ಲಿ. ಗಡಿಯಲ್ಲಿರುವ ನಮಗೆ ಈ ಸಂಗತಿ ಹಿತವೆನಿಸಿತು.

ಜನ ಸೇರಿ ಟ್ಯಾಂಗೋ ಆಡುವ ಕೂಟಕ್ಕೆ ಮಿಲೊಂಗಾ ಎನ್ನುತ್ತಾರೆ. ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕೋಣೆಯ ಸುತ್ತ ಸಾಗಬೇಕು. ನಡುವೆ ನುಗ್ಗುವಂತಿಲ್ಲ; ಹೊಸ ಜೋಡಿ ಒಳಗೆ ಬರುವಾಗ ಹಿಂದಿನಿಂದ ಬರುತ್ತಿರುವವರ ಕಣ್ಣು ನೋಡಿ, ಅವರು ಜಾಗ ಬಿಟ್ಟ ಮೇಲೆ ಸೇರಬೇಕು. ಮೂರು ಅಥವಾ ನಾಲ್ಕು ಹಾಡಿಗೆ ಒಂದು ಕಂತು. ಕಂತು ಮುಗಿಯುವ ತನಕ ಜೋಡಿ ಬಿಡುವುದಿಲ್ಲ. ಆಮೇಲೆ ಬೇರೆ ಬಗೆಯ ಸಂಗೀತ ಸ್ವಲ್ಪ ಹೊತ್ತು ನುಡಿಯುತ್ತದೆ. ಅದಕ್ಕೆ ‘ಪರದೆ’ ಎಂಬರ್ಥದ ಹೆಸರು. ಆಗ ಎಲ್ಲರೂ ತಂತಮ್ಮ ಜಾಗಕ್ಕೆ ಮರಳುತ್ತಾರೆ.

ನಮಗೆ ಬಹಳ ಹಿಡಿಸಿದ್ದು ಕುಣಿಯಲು ಕರೆಯುವ ಕ್ರಮ. ಹತ್ತಿರ ಹೋಗಿ ಕೈ ಚಾಚುವುದಿಲ್ಲ. ದೂರದಿಂದ ಕಣ್ಣಲ್ಲಿ ಕಣ್ಣಿಟ್ಟು ತಲೆ ತುಸು ಅಲ್ಲಾಡಿಸುತ್ತಾರೆ. ಒಪ್ಪಿಗೆಯಿದ್ದರೆ ಇವರೂ ತಲೆ ಹಾಕುತ್ತಾರೆ, ಇಲ್ಲದಿದ್ದರೆ ಕಣ್ಣು ಬೇರೆ ಕಡೆ ಹೊರಳಿಸುತ್ತಾರೆ. ಬೇಡವೆಂದದ್ದು ಮೂರನೆಯವರಿಗೆ ಗೊತ್ತಾಗುವುದೇ ಇಲ್ಲ. ಯಾರ ಮಾನವೂ ಹೋಗುವುದಿಲ್ಲ. ಇನ್ನೊಂದು ಕಟ್ಟು: ಕುಣಿಯುವ ಜಾಗದಲ್ಲಿ ಜೊತೆಗಾರರಿಗೆ ಪಾಠ ಹೇಳಬಾರದು. ಪಾಠವೆಲ್ಲ ತಾಲೀಮಿನ ದಿನ.

ನಮ್ಮ ಕೋಲಾಟ ಬೇರೆ ಜಾತಿಯದು. ಅಲ್ಲಿ ಅಪ್ಪುಗೆ, ಇಲ್ಲಿ ಇಬ್ಬರ ನಡುವೆ ಕೋಲು. ಅಲ್ಲಿ ವಾದ್ಯದವರು ನುಡಿಸುತ್ತಾರೆ, ಇಲ್ಲಿ ಕುಣಿಯುವವರೇ ಹಾಡಬೇಕು. ಆದರೆ ಹೊಸಬರ ಮಾನ ಕಾಯುವ ಪ್ರಶ್ನೆ ಎರಡರಲ್ಲೂ ಒಂದೇ. ಹಿರಿಯರೊಂದಿಗೆ ಕುಳಿತು ಮಾತಾಡಿ ಕೆಳಗಿನ ರೀತಿಗಳನ್ನು ಗೊತ್ತುಮಾಡಿದ್ದೇವೆ.

1. ಚಪ್ಪಲಿ ಹೊರಗೆ. ಉಂಗುರ, ಕೈಗಡಿಯಾರ ತೆಗೆದಿಡಿ. ಕೋಲನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಿ.

2. ಹಾಡು ನಡೆದಿರುವಾಗ ಸುತ್ತಿನೊಳಗೆ ಹೋಗಬೇಡಿ, ನಡುವೆ ಬಿಟ್ಟು ಹೊರಗೂ ಬರಬೇಡಿ. ಒಬ್ಬರು ಹೊರಬಿದ್ದರೆ ಎದುರಿನವರ ಕೋಲು ಗಾಳಿಗೆ ಬೀಳುತ್ತದೆ.

3. ಸುತ್ತಿಗೆ ಸರಿಸಂಖ್ಯೆ ಬೇಕು. ಒಬ್ಬರು ಹೆಚ್ಚಾದರೆ ಅವರ ಕೈಗೆ ತಾಳ ಕೊಡುತ್ತೇವೆ. ಅದು ಶಿಕ್ಷೆಯಲ್ಲ, ಹೊರಗೆ ಕುಳಿತವರಿಗೆ ಹೆಜ್ಜೆ ಹೆಚ್ಚು ತಿಳಿಯುತ್ತದೆ.

4. ಕೋಲಿನ ಮೇಲ್ಭಾಗಕ್ಕೆ ಕೋಲಿನ ಮೇಲ್ಭಾಗ ತಾಗಬೇಕು. ಬುಡಕ್ಕೆ ಹೊಡೆದರೆ ಬೆರಳಿಗೆ ಪೆಟ್ಟು. ಸದ್ದು ಹೊಡೆತದ ಬಿರುಸಿನಿಂದಲ್ಲ, ಇಬ್ಬರೂ ಒಂದೇ ಗಳಿಗೆಗೆ ತಂದಾಗ ಬರುತ್ತದೆ.

5. ಕೋಲು ಬಿದ್ದರೆ ಬಗ್ಗಬೇಡಿ, ಹಿಂದಿನವರ ಕೋಲು ತಲೆಗೆ ತಾಗೀತು. ಉಳಿದ ಒಂದು ಕೋಲಿನಿಂದಲೇ ತಾಳ ಕೊಡಿ. ಹಾಡು ಮುಗಿದ ಮೇಲೆ ಎತ್ತಿಕೊಂಡರಾಯಿತು.

6. ಹೆಜ್ಜೆ ತಪ್ಪಿದರೆ ನಿಲ್ಲಬೇಡಿ, ಸುತ್ತಿನೊಂದಿಗೆ ನಡೆಯುತ್ತಿರಿ. ಮುಂದಿನ ಪಲ್ಲವಿಗೆ ಹೆಜ್ಜೆ ತಾನಾಗಿ ಕೂಡಿಕೊಳ್ಳುತ್ತದೆ.

7. ತಿದ್ದುವವರು ಮುಂದಾಳು ಒಬ್ಬರೇ. ಅದೂ ಹಾಡು ಮುಗಿದ ಮೇಲೆ, ಬದಿಗೆ ಕರೆದು, ಮೆಲ್ಲಗೆ. ಉಳಿದವರು ಎಷ್ಟೇ ಬಲ್ಲವರಾದರೂ ಬಾಯಿ ಹಾಡಿಗೆ ಮೀಸಲು.

8. ಹೊಸಬರನ್ನು ಇಬ್ಬರು ಹಳಬರ ನಡುವೆ ನಿಲ್ಲಿಸಬೇಕು. ಒಲ್ಲೆನೆಂದವರನ್ನು ಕೈ ಹಿಡಿದು ಎಳೆಯಬಾರದು. ದೂರದಿಂದ ಒಮ್ಮೆ ನೋಡಿ ತಲೆ ಹಾಕಿದರೆ ಸಾಕು, ಮನಸ್ಸಿದ್ದವರು ಎದ್ದು ಬರುತ್ತಾರೆ. ಇದನ್ನು ಮಾತ್ರ ಬ್ಯೂನಸ್ ಐರಿಸಿನಿಂದ ಕಡ ತಂದಿದ್ದೇವೆ.

ಜಡೆ ಕೋಲಾಟ ಕಲಿಯಬಯಸುವವರು ಮೊದಲ ವರ್ಷ ತಡೆದುಕೊಳ್ಳಬೇಕು. ಮೇಲೆ ಕಟ್ಟಿದ ಹಗ್ಗಗಳನ್ನು ಹೆಣೆದದ್ದಾದ ಮೇಲೆ ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ನಡೆದು ಬಿಚ್ಚಬೇಕು. ಒಬ್ಬರು ತಪ್ಪಿದರೆ ಎಲ್ಲರ ಹಗ್ಗವೂ ಗಂಟು.

ಇನ್ನು ಹಾಡಿನ ಹಾಳೆಯ ವಿಷಯ. ಇದರ ಮೇಲೆ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸಭೆ ನಡೆದವು. ಓದಲು ಬಾರದವರಿಗೆ ಮರಾಠಿಯವರ ಬಾಳಬೋಧ ಲಿಪಿಯಲ್ಲಿ ಹಾಡು ಬರೆದುಕೊಡೋಣವೆಂದು ನಾವು ಸೂಚಿಸಿದೆವು. "ಕನ್ನಡ ಸಂಘದಾಗ ಕನ್ನಡ ಅಕ್ಷರ ಬಿಟ್ಟರ ಸಂಘ ಯಾಕ ಬೇಕ್ರಿ?" ಎಂದು ಹಿರಿಯರೊಬ್ಬರು ಕೇಳಿದರು. ಮಾತಿನಲ್ಲಿ ಹುರುಳಿದೆ. ಅಷ್ಟೇ ಅಲ್ಲ, ಆ ಲಿಪಿಯಲ್ಲಿ ಮರಾಠಿಯವರು ಬರೆಯುವಂತೆ ಬರೆದರೆ ನಮ್ಮ ಹ್ರಸ್ವ ಎ, ಒ ಉಳಿಯುವುದಿಲ್ಲ. ‘ಕೊಡು’ ಎಂಬುದೂ ‘ಕೋಡು’ ಎಂಬುದೂ ಒಂದೇ ಆಗಿ ಕಾಣುತ್ತವೆ. ಕೇಳಿದ್ದು ಕೈಗೆ ಬರುವುದು ಕೋಡು!

ಇನ್ನೊಂದು ಮಗ್ಗುಲೂ ಇದೆ. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಗೆ ಮುಂಚೆ 68 ಲಿಂಗಗಳಿಗೆ ಎಣ್ಣೆ ಎರೆಯುವ ವಿಧಿಗೆ ಮರಾಠಿ ಪತ್ರಿಕೆಗಳು ಇಂದಿಗೂ ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ನಮ್ಮ ಎಣ್ಣೆಮಜ್ಜನವೇ ಅದು. ಲಿಪಿ ಬೇರೆಯಾದರೂ ಮಾತು ಬದುಕಿದೆ. ಬಾಯಿ ಬಾಯಿಂದ ಬದುಕಿದೆ.

ಕೊನೆಗೆ ಹೀಗೆ ಒಪ್ಪಿಗೆಯಾಯಿತು. ಹಾಳೆಯ ಎಡಕ್ಕೆ ಕನ್ನಡ, ಬಲಕ್ಕೆ ಬಾಳಬೋಧ. ನಡುವೆ ಮಡಿಕೆ. ಮೊದಲ ವಾರ ಹಾಳೆ ಪೂರ್ತಿ ಬಿಚ್ಚಿ ಹಾಡಿ. ತಾಲೀಮಿಗೆ ಮುಂಚೆ ಅರ್ಧ ತಾಸು ಅಕ್ಷರ ಕಲಿಸಲು ಇಬ್ಬರು ನಿವೃತ್ತ ಶಿಕ್ಷಕಿಯರು ಒಪ್ಪಿದ್ದಾರೆ. ಗೌರಿ ಹುಣ್ಣಿಮೆಯ ಹೊತ್ತಿಗೆ ಬಲಭಾಗ ಮಡಚಲು ಬಂದರೆ ಸಂತೋಷ. ಬಾರದಿದ್ದರೂ ಸುತ್ತಿನಲ್ಲಿ ನಿಮ್ಮ ಜಾಗ ನಿಮಗೇ. ಸೊಸೆಯಾಗಿ ಬಂದ ಮರಾಠಿ, ತೆಲುಗು ಮನೆತನದ ಹೆಣ್ಣುಮಕ್ಕಳಿಗೂ ಇದೇ ಮಾತು.

ಹೋದ ವರ್ಷದ ಆ ಹುಡುಗಿಯ ಮನೆಗೆ ನಾವೇ ಹೋಗಿ ಬಂದೆವು. ಅಂದು ಸುಮ್ಮನಿದ್ದದ್ದು ನಮ್ಮ ತಪ್ಪು ಎಂದು ಹೇಳಿದೆವು. ಆಕೆ ಚಹಾ ತಂದುಕೊಟ್ಟಳು, ಬರುತ್ತೇನೆ ಅಂತಲೂ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಹಾಳೆಯನ್ನು ಮಾತ್ರ ಇಟ್ಟುಕೊಂಡಳು.

ಕೋಲುಗಳು ಸಂಘದಲ್ಲಿವೆ, ತರುವ ಅಗತ್ಯವಿಲ್ಲ. ಸಂಜೆ 5ಕ್ಕೆ ಅಕ್ಷರ, 5.30ಕ್ಕೆ ಸುತ್ತು. ಹಾಜರಿ ಪುಸ್ತಕದಲ್ಲಿ ಹೊಸ ಪುಟ ಹಾಕಿದ್ದೇವೆ. ಅವಳ ಹೆಸರನ್ನು ಅದರಲ್ಲಿಯೂ ಬರೆದಿಟ್ಟಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ