ಎಂಜಿನಿಗೂ ಪ್ರೊಪೆಲರಿಗೂ ನಡುವೆ

ಮನೆಯ ಷೆಡ್ಡಿನಲ್ಲಿಯೇ ಪುಟ್ಟ ವಿಮಾನವನ್ನು ಕಟ್ಟಿ ಹಾರಿಸುವ ಹವ್ಯಾಸಿಗಳು ಅಮೆರಿಕದಲ್ಲಿ ಅನೇಕರಿದ್ದಾರೆ. ಪಾಲ್ ಪೊಬೆರೆಜ್ನಿ ಎಂಬುವರು 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಥವರಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. ವಿಮಾನಕ್ಕೆಂದೇ ತಯಾರಾದ ಎಂಜಿನುಗಳ ಬೆಲೆ ಹೆಚ್ಚು. ಆದಕಾರಣ ಕೆಲವರು ಮಾಜ್ದಾ ಕಾರಿನ ರೋಟರಿ ಎಂಜಿನನ್ನು ತಂದು ವಿಮಾನಕ್ಕೆ ಅಳವಡಿಸುವುದುಂಟು.

ಜರ್ಮನಿಯ ಫೆಲಿಕ್ಸ್ ವಾಂಕೆಲ್ಲನ ಕಲ್ಪನೆಯಿಂದ ಮೂಡಿದ ಈ ಎಂಜಿನು 1957ರಲ್ಲಿ ಮೊದಲ ಬಾರಿಗೆ ಓಡಿತು. ಇದರಲ್ಲಿ ಹಿಂದೆ ಮುಂದೆ ಚಲಿಸುವ ಪಿಸ್ಟನ್ ಇಲ್ಲ. ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರು ಕೋಶದೊಳಗೆ ಸುತ್ತುತ್ತದೆ. ಆದುದರಿಂದ ಇದರ ಓಟ ಬಹಳ ನಯವೆಂದು ಹೆಸರಾಗಿದೆ. ಆದರೆ ಇದು ಶಕ್ತಿ ತೋರುವುದು ನಿಮಿಷಕ್ಕೆ ಸುಮಾರು 6000 ಸುತ್ತುಗಳಲ್ಲಿ. 1.8 ಮೀಟರ್ ವ್ಯಾಸದ ಪ್ರೊಪೆಲರನ್ನು ಅದೇ ವೇಗದಲ್ಲಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 565 ಮೀಟರ್ ಚಲಿಸಬೇಕಾಗುತ್ತದೆ. ಅದು ಶಬ್ದದ ವೇಗವನ್ನೂ ಮೀರಿದುದು. ಆಗ ಗದ್ದಲ ಹೆಚ್ಚುತ್ತದೆ, ನೂಕುಬಲ ಕುಗ್ಗುತ್ತದೆ. ಆದಕಾರಣ ನಡುವೆ ಹಲ್ಲುಚಕ್ರಗಳನ್ನಿಟ್ಟು ವೇಗವನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತಾರೆ.

ತೊಡಕು ಹುಟ್ಟುವುದು ಇಲ್ಲಿಯೇ. ಎಂಜಿನು ಎಷ್ಟೇ ನಯವೆನಿಸಿದರೂ ಅದು ದಂಡವನ್ನು ಒಂದೇ ಸಮನೆ ತಿರುಗಿಸುವುದಿಲ್ಲ. ಬಿಟ್ಟು ಬಿಟ್ಟು ನೂಕುತ್ತದೆ. ಎರಡು ರೋಟರುಗಳಿದ್ದಲ್ಲಿ ದಂಡದ ಪ್ರತಿ ಸುತ್ತಿಗೆ ಎರಡು ನೂಕು. ಅಂದರೆ 6000 ಸುತ್ತುಗಳಲ್ಲಿ ಸೆಕೆಂಡಿಗೆ 200. ಅತ್ತ ಭಾರವಾದ ಪ್ರೊಪೆಲರು ತನ್ನ ಗತಿಯನ್ನು ಸುಲಭವಾಗಿ ಬದಲಿಸದು. ನಡುವಿನ ದಂಡ ಪ್ರತಿ ನೂಕಿಗೂ ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ.

ಉಯ್ಯಾಲೆಯನ್ನು ನೋಡಿ. ಅದರ ಗತಿಯನ್ನರಿತು ಮೆಲ್ಲನೆ ನೂಕಿದರೂ ಜೀಕು ಏರುತ್ತಲೇ ಹೋಗುತ್ತದೆ. ಇದೇ ಅನುನಾದ. ದಂಡದ ಸಹಜ ತಿರುಚುಗತಿಗೂ ಎಂಜಿನಿನ ನೂಕಿಗೂ ತಾಳ ಕೂಡಿದರೆ ಉಕ್ಕಿನ ಹಲ್ಲುಗಳೂ ಮುರಿದಾವು. ಇನ್ನೂ ದಪ್ಪನಾದ ದಂಡವನ್ನು ಹಾಕಿದರಾಯಿತು ಎಂದು ಯಾರಿಗಾದರೂ ತೋರಬಹುದು. ಆದರೆ ಬಿರುಸು ಹೆಚ್ಚಿದಷ್ಟೂ ಸಹಜ ಗತಿ ಏರಿ, ಹಾರಾಟದ ವೇಗದಲ್ಲಿಯೇ ಅನುನಾದ ಎದುರಾಗುವ ಅಪಾಯವಿದೆ. ಬದಲಾಗಿ ರಬ್ಬರಿನಂಥ ಮೆತ್ತನೆಯ ವಸ್ತುವನ್ನು ಒಳಗೊಂಡ ಜೋಡಣೆಯನ್ನು ಇಡುತ್ತಾರೆ. ಆಗ ಅನುನಾದದ ವೇಗ ಬಹಳ ಕೆಳಗಿಳಿಯುತ್ತದೆ. ಎಂಜಿನು ಚಾಲನೆಗೊಳ್ಳುವಾಗ ಕ್ಷಣಮಾತ್ರದಲ್ಲಿ ಅದನ್ನು ದಾಟಿಬಿಡುತ್ತದೆ.

ಆದರೆ ಈ ರಕ್ಷಕನಿಗೂ ಆಯುಸ್ಸುಂಟು. ಸದಾ ಹಿಸುಕಿಸಿಕೊಳ್ಳುವ ರಬ್ಬರು ಒಳಗೊಳಗೇ ಕಾಯುತ್ತದೆ. ಶಾಖವನ್ನು ಬೇಗ ಹೊರಬಿಡಲಾರದು. ರೋಟರಿ ಎಂಜಿನಿನ ಹೊಗೆಯ ಉಗ್ರ ಶಾಖವೂ ಅದಕ್ಕೆ ಸೇರುತ್ತದೆ. ಎಣ್ಣೆ ಸೋಕಿದರೆ ಕೆಲವು ಬಗೆಯ ರಬ್ಬರು ಊದಿ ಮೆತ್ತಗಾಗುತ್ತದೆ. ರಬ್ಬರೇ ಎರಡು ಲೋಹಗಳನ್ನು ಅಂಟಿಸಿ ಹಿಡಿದಿರುವ ಜೋಡಣೆಯಾದರೆ, ಅದು ಹರಿದೊಡನೆ ಎಂಜಿನು ಹೊರೆಯಿಲ್ಲದೆ ಹುಚ್ಚುವೇಗದಲ್ಲಿ ಸುತ್ತುತ್ತದೆ. ಪ್ರೊಪೆಲರಿಗೆ ಬಲವೇ ಇರದು. ಚಾಲಕನು ತೇಲುತ್ತ ಬಯಲೊಂದನ್ನು ಹುಡುಕಬೇಕು. ಲೋಹದ ಕವಲುಗಳ ನಡುವೆ ರಬ್ಬರಿಟ್ಟ ಜೋಡಣೆಯಲ್ಲಿ ರಬ್ಬರು ಪುಡಿಯಾದರೂ ಕವಲುಗಳು ಒಂದಕ್ಕೊಂದು ತಗುಲಿ, ಕರ್ಕಶ ಸದ್ದಿನೊಡನೆಯಾದರೂ ಸ್ವಲ್ಪ ಹೊತ್ತು ಕೆಲಸ ನಡೆಸುತ್ತವೆ. ಹಾರುವವನಿಗೆ ಆ ಸ್ವಲ್ಪ ಹೊತ್ತೇ ದೊಡ್ಡದು.

ಇಲ್ಲಿ ಕಟ್ಟಿದವನೇ ಪರೀಕ್ಷಕ, ಹಲವು ವೇಳೆ ಅವನೇ ಚಾಲಕ. ಜೋಡಣೆಯನ್ನು ಬಿಚ್ಚಿದಾಗ ರಬ್ಬರಿನಲ್ಲಿ ಬಿರುಕು, ಸುತ್ತಲೂ ಕಪ್ಪು ಪುಡಿ, ದಂಡದ ಗಾಡಿಗಳಲ್ಲಿ ಉಕ್ಕು ಸವೆದು ಉದುರಿದ ಕೆಂಪು ಧೂಳು ಕಂಡರೆ ಆ ದಿನ ವಿಮಾನ ಷೆಡ್ಡಿನಲ್ಲಿಯೇ ಉಳಿಯುತ್ತದೆ.