ಕ್ಯಾಮೆರಾ ಎಲ್ಲಿ ನಿಂತಿತ್ತು?



ಫೋಟೋ ಸುಳ್ಳು ಹೇಳೋದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ನಿಜ ಅನಿಸುತ್ತದೆ. ಫೋಟೋ ತೆಗೆದವರು ಎಲ್ಲಿ ನಿಂತಿದ್ದರು ಅನ್ನೋದು ಗೊತ್ತಾದರೆ ಉಳಿದರ್ಧ ತಿಳಿಯುತ್ತದೆ.

ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳೋಣ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಸುಮಾರು ಕ್ರಿ.ಶ. 981ರಲ್ಲಿ ಮಾಡಿಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ನಾವು 20 ಅಡಿ ದೂರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ, ಪಾದ ಇರುವುದು 20 ಅಡಿಯಲ್ಲಿ, ತಲೆ ಇರುವುದು ಸುಮಾರು 57 ಅಡಿಯಲ್ಲಿ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಕ್ಯಾಮೆರಾಗೆ ಗೊತ್ತಿರುವ ಲೆಕ್ಕ ಇಷ್ಟೇ. ಅದಕ್ಕೇ ಕಾಲು ದಪ್ಪವಾಗಿ, ತಲೆ ಪುಟ್ಟದಾಗಿ ಬರುತ್ತದೆ.

ಎದುರಿನ ಚಿಕ್ಕಬೆಟ್ಟದಿಂದ ತೆಗೆದರೆ ತಲೆ, ಭುಜದ ಅಳತೆ ಸರಿಯಾಗಿ ಬರುತ್ತದೆ. ಆದರೆ ಕತ್ತೆತ್ತಿ ನೋಡುವಾಗಿನ ಆ ಎತ್ತರ ಸಿಗೋದಿಲ್ಲ. 2018ರ ಮಹಾಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿದ್ದಾಗ ಮೇಲಿನಿಂದಲೂ ಚಿತ್ರ ತೆಗೆದರು. ಗುಂಗುರು ಕೂದಲಿನ ತಲೆ ಮುಂದೆ, ಕೆಳಗೆ ಜನ ಇರುವೆ ಸಾಲಿನಂತೆ! ಮೂರೂ ನಿಜವೇ, ಒಂದೊಂದೂ ಬೇರೆ ಮಾತು ಹೇಳುತ್ತದೆ.

ಹಿಂದೆ ಬಹಳ ಜನ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ಫೋಟೋ ತೆಗೆಯುತ್ತಿದ್ದರು. ರಷ್ಯಾದ ಅಲೆಕ್ಸಾಂಡರ್ ರಾಡ್‌ಚೆಂಕೊ 1920ರ ದಶಕದಲ್ಲಿ ಇದನ್ನು ವಿರೋಧಿಸಿದ. ಹೊಕ್ಕುಳ ಮಟ್ಟ ಬಿಟ್ಟು ಬೇರೆಲ್ಲ ಕಡೆಯಿಂದಲೂ ತೆಗೆಯಬೇಕು ಅನ್ನುವುದು ಅವನ ವಾದ. ಮಾಸ್ಕೋದ ಕಟ್ಟಡಗಳನ್ನು ಬುಡದಿಂದ, ಬೀದಿಗಳನ್ನು ಮಾಳಿಗೆಯಿಂದ ತೆಗೆದು ತೋರಿಸಿದ.

ಇದರಿಂದ ನಮಗೇನು ಅಂತ ಕೇಳಬಹುದು. ಒಂದು ಸಭೆಗೆ ಸ್ವಲ್ಪವೇ ಜನ ಬಂದಿದ್ದಾರೆ ಅಂದುಕೊಳ್ಳಿ. ಕ್ಯಾಮೆರಾ ತಗ್ಗಿನಲ್ಲಿ ಹಿಡಿದರೆ ಮುಂದಿನ ಸಾಲಿನ ತಲೆಗಳು ಹಿಂದಿನ ಖಾಲಿ ಜಾಗವನ್ನೆಲ್ಲ ಮುಚ್ಚುತ್ತವೆ. ಭಾರೀ ಜನ ಅನಿಸುತ್ತದೆ. ಅದನ್ನೇ ಮಹಡಿ ಮೇಲಿಂದ ತೆಗೆದರೆ ಖಾಲಿ ಕುರ್ಚಿ ಎಣಿಸಬಹುದು. ಹಾಗೇ ಒಂದು ಮಗುವನ್ನು ನಿಂತು ಮೇಲಿಂದ ತೆಗೆದರೆ ತಲೆ ದೊಡ್ಡದು, ಕಾಲು ಸಣ್ಣದು. ಪಾಪ, ದಿಕ್ಕಿಲ್ಲದ ಮಗು ಅನಿಸುತ್ತದೆ. ಕುಕ್ಕರುಗಾಲಲ್ಲಿ ಕೂತು ಕಣ್ಣಿನ ಸಮಕ್ಕೆ ತೆಗೆದರೆ ಅದೇ ಮಗು ನಮ್ಮ ಜೊತೆ ಮಾತಾಡುವ ಹಾಗಿರುತ್ತದೆ. ಬಡವರ ಫೋಟೋ, ಹಳ್ಳಿಯವರ ಫೋಟೋ ನೋಡುವಾಗ ಇದನ್ನು ನೆನಪಿಡಬೇಕು.

ಕ್ಯಾಮೆರಾ ಇಲ್ಲದೆಯೂ ಇದನ್ನು ಕಲಿಯಬಹುದು. ಹಳೇ ನೋಟ್‌ಬುಕ್ಕಿನ ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕೊರೆಯಿರಿ. ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡಿ. ತೆಂಗಿನ ಮರದ ಬುಡದಲ್ಲಿ ಮಲಗಿ ನೋಡಿ, ದೂರ ಹೋಗಿ ನೋಡಿ. ನಾನು ನೋಡಿದೆ. ಬುಡದಿಂದ ಗರಿಗಳು ಚಕ್ರದ ಕಡ್ಡಿಗಳ ಹಾಗೆ, ದೂರದಿಂದ ಕೊಡೆಯ ಹಾಗೆ ಕಂಡವು.

ಇನ್ನು ಮುಂದೆ ಪೇಪರಿನಲ್ಲಾಗಲಿ ಮೊಬೈಲಿನಲ್ಲಾಗಲಿ ಫೋಟೋ ನೋಡಿದಾಗ, ಇದರಲ್ಲಿ ಯಾರಿದ್ದಾರೆ ಅಂತ ಕೇಳುವುದರ ಜೊತೆಗೆ, ತೆಗೆದವರು ಎಲ್ಲಿ ನಿಂತಿದ್ದರು ಅಂತಲೂ ಕೇಳಿ.